ಅಂಟಾರ್ಕ್ಟಿಕಕ್ಕೆ ಹೋಗಿಬಂದ ಮೆಕ್ಯಾನಿಕ್

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವ ಕಡೆ, ತಗಡು ಹೊದೆಸಿದ ಒಂದು ಗ್ಯಾರೇಜಿದೆ. ಟ್ರ್ಯಾಕ್ಟರು, ಪವರ್ ಟಿಲ್ಲರು, ಆಗಾಗ ಜೆಸಿಬಿ ಅಲ್ಲಿಗೆ ರಿಪೇರಿಗೆ ಬರುತ್ತವೆ. ಮಾಲೀಕ ಆನಂದನಿಗೆ ಈಗ ಮೂವತ್ತೊಂದು ವರ್ಷ. ಮಾತು ಕಡಿಮೆ. ಇಂಜಿನ್ನಿಗೆ ಕಿವಿಗೊಟ್ಟು ಎರಡು ನಿಮಿಷ ನಿಂತು, "ನಾಳೆ ಬರ್ರಿ" ಎಂದನೆಂದರೆ ಗಿರಾಕಿ ಮರುಮಾತಿಲ್ಲದೆ ಹೋಗಬೇಕು. ಅವನು ಹದಿನಾಲ್ಕು ತಿಂಗಳು ಅಂಟಾರ್ಕ್ಟಿಕದಲ್ಲಿ ಇದ್ದುಬಂದವನು ಎಂಬುದು ಅವನ ಗಿರಾಕಿಗಳಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಆನಂದನ ತಂದೆ ಚಂದ್ರಶೇಖರಪ್ಪ ಬನವಾಸಿ ಸೀಮೆಯಲ್ಲಿ ಭತ್ತ, ಜೋಳ, ಶುಂಠಿ ಬೆಳೆಯುವವರು. ಮಗ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ, ಹುಬ್ಬಳ್ಳಿಯಲ್ಲಿ ಮಣ್ಣು ತೆಗೆಯುವ ಯಂತ್ರಗಳ ರಿಪೇರಿ ಕೆಲಸಕ್ಕೆ ಸೇರಿಕೊಂಡ. ಅಲ್ಲಿದ್ದಾಗ ಗೆಳೆಯನೊಬ್ಬ ಮೊಬೈಲಿಗೆ ಒಂದು ಜಾಹೀರಾತು ಕಳಿಸಿದ. ದಕ್ಷಿಣ ಧ್ರುವ ಪ್ರದೇಶದ ಭಾರತೀಯ ಸಂಶೋಧನಾ ಠಾಣೆಗೆ ವಾಹನ ಮೆಕ್ಯಾನಿಕರು ಬೇಕಾಗಿದ್ದರು. ಗೆಳೆಯ ತಮಾಷೆಗೆ ಕಳಿಸಿದ್ದು; ಆನಂದ ನಿಜವಾಗಿಯೇ ಅರ್ಜಿ ಹಾಕಿದ. ಸಂದರ್ಶನ, ವೈದ್ಯಕೀಯ ಪರೀಕ್ಷೆ, ಹಿಮಾಲಯದ ಕಡೆ ಚಳಿಯ ತರಬೇತಿ ಎಲ್ಲ ಮುಗಿದ ಮೇಲೆ ಮನೆಯಲ್ಲಿ ಹೇಳಿದ.

ತಾಯಿ ಪಾರ್ವತವ್ವ ಕೇಳಿದ್ದು ಒಂದೇ ಮಾತು. "ಅಲ್ಲಿ ಊರೈತೇನೋ?"

"ಇಲ್ಲವ್ವಾ. ಊರಿಲ್ಲ, ಗಿಡ ಇಲ್ಲ. ನಾವು ಇಪ್ಪತ್ತೈದು ಮಂದಿ ಅಷ್ಟ."

"ಮತ್ತ ಯಾರ ಗಾಡಿ ರಿಪೇರಿ ಮಾಡಾಕ ಹೊಂಟೀ?"

ಠಾಣೆಯಲ್ಲಿ ಅವನಿಗೆ ಬಿಡುವಿರಲಿಲ್ಲ. ಮೂರು ಜನರೇಟರುಗಳಲ್ಲಿ ಒಂದಾದರೂ ಸದಾ ಓಡುತ್ತಿರಬೇಕು. ನಿಂತರೆ ಒಳಗಿನ ನೀರೆಲ್ಲ ಗಡ್ಡೆ ಕಟ್ಟುತ್ತದೆ. ಹಿಮದ ಮೇಲೆ ಓಡಾಡುವ ದೊಡ್ಡ ಗಾಡಿಗಳು ಬೇರೆ ಇದ್ದವು. ಅವಕ್ಕೆ ಯುದ್ಧದ ಟ್ಯಾಂಕಿನ ಹಾಗೆ ಚಕ್ರದ ಬದಲು ಪಟ್ಟಿ. ಬೇಸಿಗೆ ಬಂದ ಮೇಲೆ, ಅಂದರೆ ನಮ್ಮ ಡಿಸೆಂಬರ್ ಹೊತ್ತಿಗೆ, ವಿಜ್ಞಾನಿಗಳನ್ನು ಆ ಗಾಡಿಯಲ್ಲಿ ಕರೆದುಕೊಂಡು ಹೋಗುವುದೂ ಅವನ ಪಾಲಿಗೆ ಬಂತು.

ಅವರಲ್ಲಿ ಉಲ್ಲಾಸ ಎನ್ನುವವನು ಅಂಕೋಲೆಯವನು, ಆನಂದನಿಗಿಂತ ಎರಡು ವರ್ಷ ದೊಡ್ಡವನು. ಕನ್ನಡ ಆಡುವವರು ಅವರಿಬ್ಬರೇ. ಉಲ್ಲಾಸನ ಕೆಲಸ ಹಿಮಗಡ್ಡೆಯಲ್ಲಿ ಹುಗಿದ ಬಿದಿರ ಕೋಲುಗಳನ್ನು ಅಳೆಯುವುದು. ಕಿಲೋಮೀಟರಿಗೊಂದು ಕೋಲು; ಪ್ರತಿ ಕೋಲೂ ಗಡ್ಡೆಯಿಂದ ಎಷ್ಟು ಹೊರಗೆ ಚಾಚಿದೆ ಎಂದು ಟೇಪು ಹಿಡಿದು ನೋಡಿ ಬರೆದುಕೊಳ್ಳಬೇಕು.

ಮೊದಲ ದಿನ ಆನಂದನಿಗೆ ನಗು ಬಂತು. "ಕೋಲು ಅಳಿಯಾಕ ಇಷ್ಟು ದೂರ ಬರಬೇಕಿತ್ತೇನ್ರೀ?"

"ಹೋದ ವರ್ಷ ಈ ಕೋಲು ಒಂದು ಮೀಟರು ಹತ್ತು ಸೆಂಟಿಮೀಟರು ಹೊರಗಿತ್ತು. ಈಗ ಒಂದು ಮೀಟರು ನಲವತ್ತಾರು. ಕೋಲೇನೂ ಬೆಳೆಯುದಿಲ್ಲ ಮಾರಾಯ."

"ಅಂದ್ರ ಗಡ್ಡೆ ಕರಗೈತಿ. ಜಗತ್ತು ಬಿಸಿ ಆಗೈತಿ ಅಂತಾರಲ್ಲ, ಅದ ಹೌದಲ್ಲ?"

"ಒಂದು ವರ್ಷದ್ದು ನೋಡಿ ಹಾಗೆ ಹೇಳುಕಾಗುದಿಲ್ಲ. ಹಿಂದಿನವರು ಮೂವತ್ತು ವರ್ಷ ಬರೆದಿಟ್ಟದ್ದು ಉಂಟು. ಅದರ ಜೊತೆ ಇಟ್ಟು ನೋಡಿದರೆ ಏನಾದರೂ ಹೇಳಬಹುದು."

ಇಷ್ಟು ಓದಿದವನು ಹೇಳಲು ಇಷ್ಟು ಹಿಂಜರಿಯುತ್ತಾನಲ್ಲ ಎಂದು ಆನಂದನಿಗೆ ಆಶ್ಚರ್ಯವಾಯಿತು. ಊರಲ್ಲಿ ಹವಾಮಾನದ ವಿಷಯ ಎತ್ತಿದರೆ ಕಟ್ಟೆಯ ಮೇಲೆ ಕುಳಿತ ಎಲ್ಲರಿಗೂ ಎಲ್ಲ ಗೊತ್ತಿರುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ ಇಬ್ಬರೂ ಅದೇ ಕೋಲುಗಳ ದಾರಿಯಲ್ಲಿ ಹೊರಟರು. ಆನಂದ ಅಷ್ಟರಲ್ಲಿ ಹನ್ನೊಂದು ಸಲ ಅಲ್ಲಿ ಗಾಡಿ ಹೊಡೆದಿದ್ದ. ಠಾಣೆಯ ದಾರಿ ಪುಸ್ತಕದಲ್ಲಿ ನಡುವಿನ ಒಂದು ತಗ್ಗಿನ ಎದುರು 'ಗಟ್ಟಿ' ಎಂದು ಬರೆದಿತ್ತು. ಹಾಗಾಗಿ ಇಳಿದು ಸರಳು ಚುಚ್ಚಿ ನೋಡದೆ, ತನ್ನದೇ ಹಳೆಯ ಪಟ್ಟಿ ಗುರುತಿನ ಮೇಲೆ ಗಾಡಿ ಬಿಟ್ಟ. ತಗ್ಗಿನ ನಡುವೆ ಗಾಡಿಯ ಮುಂಭಾಗ ಧಸಕ್ಕನೆ ಕುಸಿಯಿತು. ಮೇಲೆ ಒಂದು ಮೊಳ ಹಿಮ, ಅದರ ಕೆಳಗೆ ಕರಗಿದ ನೀರಿನ ಕಾಲುವೆ. ನೀರು ಕ್ಯಾಬಿನ್ನಿಗೆ ನುಗ್ಗಿ ಮೊಣಕಾಲು ಮುಟ್ಟಿತು. ಇಬ್ಬರೂ ಮೇಲಿನ ಕಿಂಡಿಯಿಂದ ಹೊರಬಂದು, ಗಾಡಿಯ ನೆತ್ತಿ ಹತ್ತಿ ಕುಳಿತರು. ವೈರ್‌ಲೆಸ್ಸಿನಲ್ಲಿ ಸುದ್ದಿ ಮುಟ್ಟಿಸಿ, ಇನ್ನೊಂದು ಗಾಡಿ ಬಂದು ಎಳೆಯುವ ತನಕ ಆರು ತಾಸು. ಉಲ್ಲಾಸನ ಎಡಗಾಲಿನ ಎರಡು ಬೆರಳು ಕಪ್ಪಾದವು. ಅವು ಉಳಿದುಕೊಂಡವು, ಆದರೆ ಇಂದಿಗೂ ಸ್ಪರ್ಶ ಗೊತ್ತಾಗುವುದಿಲ್ಲ.

ಠಾಣೆಯಲ್ಲಿ ಯಾರೂ ಬೈಯಲಿಲ್ಲ. ಹಿರಿಯರೊಬ್ಬರು ಹಳೆಯ ದಾರಿ ಪುಸ್ತಕಗಳನ್ನು ತೆಗೆದು ತೋರಿಸಿದರು. 'ಗಟ್ಟಿ' ಎಂದು ಬರೆದ ಮೇಲೆ ಇಪ್ಪತ್ತು ವರ್ಷ ಜನವರಿಯಲ್ಲಿ ಅಲ್ಲಿ ನೀರಿನ ಸುಳಿವಿರಲಿಲ್ಲ. ಆಮೇಲೆ ಒಂದು ವರ್ಷ ಇತ್ತು, ಎರಡು ವರ್ಷ ಇರಲಿಲ್ಲ, ಮತ್ತೆ ಇತ್ತು. "ಬರೆದದ್ದು ಸುಳ್ಳಲ್ಲ, ಹಳತಾಗಿದೆ ಅಷ್ಟೇ" ಎಂದರು ಅವರು. ಆನಂದನಿಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಯಿತು. ಡ್ರೈವರ್ ಆಗಿ ದಾರಿ ನೋಡದೆ ಹೋಗಿದ್ದೆ ಎಂಬುದು ಅವನನ್ನು ಬಹಳ ದಿನ ತಿಂದಿತು.

ಊರಿಗೆ ಬಂದು ಗ್ಯಾರೇಜು ಹಾಕಿದ ಹೊಸತರಲ್ಲಿ ಅಲ್ಲಲ್ಲಿ ಶಾಲು ಹೊದೆಸಿ ಸನ್ಮಾನ ಮಾಡಿದರು. ಎಲ್ಲರಿಗೂ ಬೇಕಾಗಿದ್ದುದು ಪೆಂಗ್ವಿನ್. ಅವನೂ ಮೊಬೈಲಿನ ಪೆಂಗ್ವಿನ್ ಫೋಟೋ ತೋರಿಸಿ ಕೈಮುಗಿದು ಬರುತ್ತಿದ್ದ. ಗಾಡಿ ಕುಸಿದದ್ದನ್ನು ಎಲ್ಲೂ ಹೇಳಲಿಲ್ಲ, ಮನೆಯಲ್ಲೂ.

ಹುಲಗೋಳದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಲಕ್ಷ್ಮೀ ಹೆಗಡೆ ವಿಜ್ಞಾನ ಟೀಚರು. ಅವರು ಹವಾಮಾನ ಬದಲಾವಣೆಯ ಪಾಠಕ್ಕೆಂದು ಆನಂದನನ್ನು ಕರೆಸಿದರು. ಫೋಟೋ ಎಲ್ಲ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಸಂಹಿತಾ ಎದ್ದು ನಿಂತಳು.

"ಸರ್, ಅಲ್ಲಿ ಕರೆಂಟು ಎಲ್ಲಿಂದ ಬತ್ತು?"

"ಡೀಸೆಲ್ ಜನರೇಟರ್ ಅದಾವು."

"ದಿನಕ್ಕೆ ಎಷ್ಟು ಡೀಸೆಲ್ ಬೇಕು?"

ಆನಂದ ಹೇಳಿದ. ಮಕ್ಕಳೆಲ್ಲ ಹೋ ಎಂದರು.

"ಗಡ್ಡೆ ಕರಗ್ತಾ ಇದ್ದು ಹೇಳಿ ನೋಡಲೆ ಹೋಗಿ, ಅಲ್ಲೇ ಅಷ್ಟು ಡೀಸೆಲ್ ಸುಟ್ಟರೆ ಎಂತ ಉಪಯೋಗ ಸರ್?"

ಟೀಚರು "ಕೂತ್ಕೊಳೇ" ಎಂದರು. ಆನಂದ ತಡೆದ. "ಇರಲ್ರಿ, ಸರಿಯಾಗೇ ಕೇಳ್ಯಾಳ. ಆ ಡೀಸೆಲ್ ಸುಟ್ಟಾಂವ ನಾನ. ಉತ್ತರ ನಂಗ ಗೊತ್ತಿಲ್ಲ" ಎಂದು ಹೇಳಿ ಕೆಳಗಿಳಿದ.

ಆ ಸಂಜೆ ಗ್ಯಾರೇಜಿನಿಂದಲೇ ಗೋವೆಯ ಸಂಶೋಧನಾ ಕೇಂದ್ರದಲ್ಲಿದ್ದ ಉಲ್ಲಾಸನಿಗೆ ಫೋನು ಮಾಡಿ ಹುಡುಗಿಯ ಪ್ರಶ್ನೆ ತಿಳಿಸಿದ. ಉಲ್ಲಾಸ ಹೇಳಿದ, "ಅವಳು ಕೇಳಿದ್ದು ನಮ್ಮ ಮೀಟಿಂಗಿನಲ್ಲೂ ಕೇಳ್ತರು. ಎಲ್ಲರೂ ಅಲ್ಲಿಗೆ ಹೋಗುದು ಬೇಡ. ಆದರೆ ಹೋದವನು ಬರಿಗೈಲಿ ಬಂದರೆ ಆ ಡೀಸೆಲ್ ದಂಡವೇ. ನೀನು ಎಂತ ತಂದೆ, ಅದು ಹೇಳು. ಪೆಂಗ್ವಿನ್ ಬಿಟ್ಟು."

ಮರುವಾರ ಆನಂದ ಯಾರೂ ಕರೆಯದೆ ಶಾಲೆಗೆ ಹೋದ. ಹೆಡ್‌ಮಾಸ್ತರರನ್ನು ಕೇಳಿ ಒಂದು ಪಿರಿಯಡ್ ತೆಗೆದುಕೊಂಡ. ಗಾಡಿ ಕುಸಿದದ್ದು, ದಾರಿ ಪುಸ್ತಕ, ಉಲ್ಲಾಸನ ಕಾಲು, ಎಲ್ಲವನ್ನೂ ಹೇಳಿದ. ತನ್ನ ತಪ್ಪನ್ನೂ ಮುಚ್ಚಲಿಲ್ಲ. ಕೊನೆಗೆ ಚಿರಂತನ ಎಂಬ ಹುಡುಗ ಹೇಳಿದ, "ನಮ್ಮ ಹಳ್ಳದ ಸಂಕವೂ ಹಂಗೇ ಸರ್. ಯಾವಾಗ ನೀರು ಏರ್ತು ಹೇಳಿ ಈಗೀಗ ಗೊತ್ತೇ ಆಗ್ತಿಲ್ಲೆ."

ಸಂಕ ಎಂದರೆ ಹಳ್ಳದ ಮೇಲಿನ ಮರದ ಕಾಲುದಾರಿ. ಅಡಿಕೆ ಮರದ ನಾಲ್ಕು ಕಾಂಡ ಜೋಡಿಸಿ ಕಟ್ಟಿದ್ದು. ಶಾಲೆಯ ಇಪ್ಪತ್ತೆರಡು ಮಕ್ಕಳು ದಿನಾ ಅದನ್ನೇ ದಾಟಿ ಬರುತ್ತಿದ್ದರು.

ಅಳತೆ ಶುರುವಾಗಿದ್ದು ಹೀಗೆ. ಮಕ್ಕಳು ಬಿದಿರ ಕೋಲಿಗೆ ಬಣ್ಣದ ಗೆರೆ ಎಳೆದು ಸಂಕದ ಪಕ್ಕ ನೆಟ್ಟರು. ಜೂನ್ ಮುಗಿಯುವುದರೊಳಗೇ ಅದು ಕೊಚ್ಚಿಹೋಯಿತು. ಆನಂದ ಕಬ್ಬಿಣದ ಪೈಪಿಗೆ ಸೆಂಟಿಮೀಟರ್ ಗುರುತು ಹಾಕಿ, ಬಂಡೆಗೆ ಸರಳು ಕೂರಿಸಿ ನಿಲ್ಲಿಸಿಕೊಟ್ಟ. ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ ನೀರಿನ ಮಟ್ಟ ಪುಸ್ತಕಕ್ಕೆ ಏರುತ್ತಿತ್ತು. ಶಾಲೆಯಂಗಳದಲ್ಲಿ ಮಳೆ ಅಳೆಯುವ ಡಬ್ಬಿಯೂ ಬಂತು. ಮಳೆ ಬಿದ್ದ ಎಷ್ಟು ಹೊತ್ತಿಗೆ ಹಳ್ಳ ಏರುತ್ತದೆ ಎಂದು ಎರಡನ್ನೂ ಹೊಂದಿಸಿ ನೋಡಲು ಲಕ್ಷ್ಮೀ ಟೀಚರು ಕಲಿಸಿದರು. ಮೇಲಿನ ಗುಡ್ಡದಲ್ಲಿ ಜೋರು ಮಳೆಯಾದರೆ ನಲವತ್ತು ನಿಮಿಷಕ್ಕೆ ಸಂಕದ ಹತ್ತಿರ ನೀರು ಏರುತ್ತದೆ ಎಂಬುದು ಆಗಸ್ಟ್ ಹೊತ್ತಿಗೆ ಅವರಿಗೆ ತಿಳಿದಿತ್ತು.

ಎರಡನೆಯ ವರ್ಷದ ಅಕ್ಟೋಬರ್. ಶಾಲೆ ಬಿಟ್ಟ ಹೊತ್ತು. ಸಡಿಲಾದ ಸರಳು ಬಿಗಿ ಮಾಡಲು ಆನಂದ ಬಂದಿದ್ದ. ಸಂಕದ ಬಳಿ ಹನಿ ಮಳೆಯಿಲ್ಲ. ಗುಡ್ಡದ ಕಡೆ ಮಾತ್ರ ಕಪ್ಪು ಕಟ್ಟಿ ಗುಡುಗುತ್ತಿತ್ತು. ನಾಲ್ಕರ ಅಳತೆ ತೆಗೆದ ಸಂಹಿತಾ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಳು. ನೀರು ಒಂದು ಗೇಣು ಏರಿ ಕೆಂಪಾಗಿತ್ತು. ಅವಳು ಮಕ್ಕಳನ್ನೆಲ್ಲ ದಡದಲ್ಲೇ ನಿಲ್ಲಿಸಿದಳು. ಅಷ್ಟರಲ್ಲಿ ಸೊಸೈಟಿಯಿಂದ ಚೀಲ ಹೊತ್ತು ಸೀತಾರಾಮ ಭಟ್ಟರು ಬಂದರು. ಎಪ್ಪತ್ತು ದಾಟಿದವರು, ಹಳ್ಳದ ಆಚೆ ಮನೆ.

"ಎಂತದೇ ಕೂಸೆ, ಅಡ್ಡ ನಿಂತ್ಕಂಡಿದ್ದೆ?"

"ಅಜ್ಜಾ, ಈಗ ದಾಟಡ. ನೀರು ಏರ್ತಾ ಇದ್ದು."

"ನವರಾತ್ರಿ ಮುಗದ ಮೇಲೆ ಎಂತಾ ನೀರು ಬತ್ತೆ? ಐವತ್ತು ವರ್ಷಾತು ಆನು ಈ ಸಂಕ ದಾಟ್ತಾ ಇದ್ದಿ."

ಸಂಹಿತಾ ಪುಸ್ತಕ ಬಿಡಿಸಿ ಮುಂದೆ ಹಿಡಿದಳು. ಭಟ್ಟರು ಅದರತ್ತ ನೋಡದೆ ಸಂಕದ ಮೇಲೆ ಕಾಲಿಟ್ಟರು. ಆನಂದ ಸ್ಪ್ಯಾನರ್ ಕೆಳಗಿಟ್ಟು ಅವರ ಹೆಗಲ ಚೀಲ ಇಳಿಸಿಕೊಂಡ.

"ಭಟ್ರ, ಹಿಂಗ ಗೊತ್ತಿದ್ದ ದಾರಿ ಅಂತ ಹೋಗಿ ನಾನು ಒಬ್ಬರ ಕಾಲು ಕಳೆಯಾಂವ ಇದ್ದೆ. ಅರ್ಧ ತಾಸು ಕೂಡ್ರಿ. ಏನೂ ಆಗಲಿಲ್ಲಂದ್ರ ನಾನ ಚೀಲ ಹೊತ್ತು ದಾಟಿಸ್ತೀನಿ."

ಅವರು ಗೊಣಗುತ್ತ ಬಂಡೆಯ ಮೇಲೆ ಕುಳಿತರು. ಇಪ್ಪತ್ತೈದು ನಿಮಿಷಕ್ಕೆ ನೀರು ಸಂಕದ ಮೇಲೆ ಹರಿಯಿತು. ಒಂದು ಕಾಂಡ ಕಿತ್ತು, ತಿರುಗಿ, ಕೆಳಗೆ ಹೋಯಿತು. ಭಟ್ಟರು ಸಂಹಿತಾಳ ಕೈಯಿಂದ ಪುಸ್ತಕ ಇಸಿದುಕೊಂಡು ಕನ್ನಡಕ ಏರಿಸಿ ಓದತೊಡಗಿದರು. "ಎಂಗಳ ಕಾಲದ್ದು ಯಾರೂ ಬರದು ಇಟ್ಟಿದ್ವಿಲ್ಲೆ" ಎಂದರು. ಮಕ್ಕಳೆಲ್ಲ ಆ ದಿನ ಆರು ಕಿಲೋಮೀಟರ್ ಸುತ್ತಿನ ರಸ್ತೆಯಲ್ಲಿ, ಆನಂದ ಕರೆಸಿದ ಗೂಡ್ಸ್ ರಿಕ್ಷಾದಲ್ಲಿ ಮನೆ ಸೇರಿದರು.

ಆಮೇಲೆ ಊರವರು ಸಭೆ ಸೇರಿ ಸಿಮೆಂಟಿನ ಕಾಲುಸೇತುವೆಗೆ ಅರ್ಜಿ ಕೊಟ್ಟರು. ಜೊತೆಗೆ ಎರಡು ವರ್ಷದ ಅಳತೆಯ ಪ್ರತಿಯನ್ನೂ ಇಟ್ಟರು. ಸೇತುವೆ ಇನ್ನೂ ಆಗಿಲ್ಲ. ಲಕ್ಷ್ಮೀ ಟೀಚರಿಗೆ ಕಳೆದ ವರ್ಷ ಯಲ್ಲಾಪುರಕ್ಕೆ ವರ್ಗವಾಯಿತು, ಅಲ್ಲಿಯೂ ಒಂದು ಹಳ್ಳಕ್ಕೆ ಅಳತೆಯ ಪೈಪು ನಿಂತಿದೆ. ಸಂಹಿತಾ ಶಿರಸಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಬಿಡುವಿದ್ದಾಗ ಗ್ಯಾರೇಜಿಗೆ ಬಂದು ಹಳೆಯ ಪುಸ್ತಕಗಳ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುತ್ತಾಳೆ.

ಮೊನ್ನೆ ನಾನು ಟಿಲ್ಲರ್ ರಿಪೇರಿಗೆ ಹೋದಾಗ ಹೊಸ ತಂಡದ ಮಕ್ಕಳು ಈ ವರ್ಷದ ಪುಸ್ತಕ ತಂದು ತೋರಿಸುತ್ತಿದ್ದರು. ದಸರಾ ರಜೆಯ ಹನ್ನೊಂದು ದಿನಕ್ಕೂ ಅಂಕಿ ಇತ್ತು, ಎಲ್ಲ ಒಂದೇ ಪೆನ್ನಿನಲ್ಲಿ.

"ರಜಾದಾಗ ಹಳ್ಳಕ್ಕ ಹೋಗಿದ್ದಿರೇನ?" ಆನಂದ ಕೇಳಿದ.

ಮಕ್ಕಳು ಮುಖ ಮುಖ ನೋಡಿಕೊಂಡರು. "ಇಲ್ಲ ಸರ್. ಅಂದಾಜಿಗೆ ಹಾಕಿದ್ದು."

ಆನಂದ ಎಣ್ಣೆಗೈ ಒರೆಸಿಕೊಂಡು, ಆ ಹನ್ನೊಂದು ಸಾಲಿನ ಮೇಲೂ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ 'ಅಳೆದಿಲ್ಲ' ಎಂದು ಬರೆದು ಪುಸ್ತಕ ವಾಪಸು ಕೊಟ್ಟ.