ಈಜು ಬಾರದ ಅಕ್ಕೋರು

ಕಾರವಾರದ ಒಂದು ಹೈಸ್ಕೂಲಿನಲ್ಲಿ ಸುಗಂಧಾ ಅಕ್ಕೋರು ಹೊಲಿಗೆ ಕಲಿಸುತ್ತಿದ್ದರು. ೨೦೦೩ರಲ್ಲಿ, ಚೌತಿ ಕಳೆದ ವಾರ, ಹೆಡ್‌ಮಾಸ್ತರರು ಅವರನ್ನು ಕರೆಸಿದರು. ಈಜಿನ ರಿಲೇಗೆ ನಾಲ್ವರು ಹುಡುಗಿಯರು ಸಿಕ್ಕಿದ್ದಾರೆ, ಅಭ್ಯಾಸಕ್ಕೆ ಜೊತೆಗೆ ಒಬ್ಬ ಹೆಂಗಸು ಹೋಗಬೇಕು ಎಂದರು.

“ನಿಮಗೆ ಈಜು ಬರ್ತದಲ್ಲ?”

“ನಾನು ಶೆಟಗೇರಿಯವಳು ಸರ್. ಮನೆ ಎದುರೇ ಹಳ್ಳ.”

ಹಳ್ಳ ಇದ್ದದ್ದು ನಿಜ. ಅದರಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೂ ಅವರು ಇಳಿದವರಲ್ಲ ಎನ್ನುವುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡರು. ನಲವತ್ತೊಂದು ವರ್ಷದ ಹೊಲಿಗೆ ಟೀಚರನ್ನು ಶಾಲೆ ಒಂದು ಕೆಲಸಕ್ಕೆ ಬೇಕು ಎಂದು ಕರೆದದ್ದು ಅದೇ ಮೊದಲು.

ಶಿರವಾಡದ ಕಡೆಯ ಕೆರೆ ಮಳೆಗೆ ತುಂಬಿ ನಿಂತಿತ್ತು. ಮೆಟ್ಟಿಲುಗಳಲ್ಲಿ ಐದೇ ಹೊರಗೆ. ಬೆಳಿಗ್ಗೆ ಆರೂವರೆಗೆ ಹುಡುಗಿಯರು ನೀರಿಗೆ ಬಿದ್ದರೆಂದರೆ ಅಕ್ಕೋರಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕಪ್ಪು ನೀರಿನ ಮೇಲೆ ನಾಲ್ಕು ತಲೆ ಕಂಡರೆ ‘ನಾರಾಯಣ’ ಎಂದುಕೊಳ್ಳುತ್ತಿದ್ದರು. ಮೂರೇ ಕಂಡರೆ, ನಾಲ್ಕನೆಯದು ಏಳುವವರೆಗೆ ಸೀಟಿ ಊದುವುದಕ್ಕೂ ತುಟಿ ಕೂಡುತ್ತಿರಲಿಲ್ಲ. ಮನೆಯಲ್ಲಿ ಅನ್ನ ಇಳಿಯದು. ದೇವರೆದುರು ದೀಪ ಹಚ್ಚುವಾಗ ಕಡ್ಡಿ ಆರಿ ಆರಿ ಹೋಗುತ್ತಿತ್ತು. ಏನೆಂದು ಬೇಡುವುದು? ಮಕ್ಕಳನ್ನು ಕಾಯಪ್ಪಾ ಎಂದರೆ, ಕಾಯುವ ಕೆಲಸ ಒಪ್ಪಿಕೊಂಡು ಬಂದವಳು ನೀನಲ್ಲವೇ ಎಂದು ದೇವರು ಕೇಳಿದಂತಾಗುತ್ತಿತ್ತು.

ನಾಲ್ವರಲ್ಲಿ ಸುಮಲತಾ ಮೀನುಗಾರರ ಮನೆಯವಳು, ಗಟ್ಟಿಗಿತ್ತಿ. ಗುಮಾಸ್ತರ ಮಗಳು ಅಮಿತಾ ಹೋದ ಬೇಸಿಗೆಯಲ್ಲಷ್ಟೇ ಈಜು ಕಲಿತವಳು. ದಡದಗುಂಟ ಚೆನ್ನಾಗಿ ಹೋಗುತ್ತಿದ್ದಳು, ನಡುನೀರು ಎಂದರೆ ಕೈಕಾಲು ಬಿಡುತ್ತಿದ್ದಳು.

“ಏ, ನಿನ್ನ ಕಾಲಲ್ಲಿ ಪಾಚಿ ಕಟ್ಟೂಕೆ ಬಂತು, ಮುಂದೆ ಹೋಗೇ!” ಎಂದು ಸುಮಲತಾ ರೇಗಿಸಿದಳು.

ಅಮಿತಾ ಮೆಟ್ಟಿಲು ಬಿಡಲಿಲ್ಲ. “ಅಕ್ಕೋರೆ, ನೀವೂ ಇಳೀರಿ. ನೀವು ಮಧ್ಯದಲ್ಲಿ ಇದ್ರೆ ನಾನು ಹೋಗ್ತೆ.”

ನಾಲ್ವರೂ ತಿರುಗಿ ನೋಡಿದರು. ಸೀರೆ ನೆನೆಯುತ್ತದೆ ಎನ್ನಬಹುದಿತ್ತು, ಜ್ವರ ಎನ್ನಬಹುದಿತ್ತು. ನಡುಗುತ್ತಿದ್ದ ಅಮಿತಾಳ ಗದ್ದ ನೋಡಿದ ಮೇಲೆ ಆ ಮಾತು ಯಾವುದೂ ಬರಲಿಲ್ಲ.

“ನಂಗೆ ಈಜು ಬರೂದಿಲ್ಲ ಮಕ್ಳೆ.”

ಸುಮಲತಾಳ ನಗು ಅಲ್ಲೇ ನಿಂತಿತು. “ಹಂಗಾರೆ ಇಷ್ಟು ದಿನ ನಮ್ಮನ್ನ ಕಾಯ್ತಿದ್ದದ್ದು ಯಾರು?”

ಅಕ್ಕೋರು ಎಲ್ಲರನ್ನೂ ಮೇಲೆ ಹತ್ತಿಸಿದರು. ದಾರಿಯಲ್ಲಿ ಹುಡುಗಿಯರು ಅಂಗಲಾಚಿದರು: “ಹೆಡ್‌ಮಾಸ್ತರಿಗೆ ಹೇಳ್ಬೇಡಿ, ರಿಲೇ ತಪ್ಪಿಹೋಗ್ತದೆ.” ಆದರೂ ಅಕ್ಕೋರು ಶಾಲೆಗೆ ಹೋದವರೇ ಎಲ್ಲ ಹೇಳಿದರು. ಹೆಡ್‌ಮಾಸ್ತರರು ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಂದು ಮಗು ಮುಳುಗಿದ್ರೆ?” ಈಜು ಬಲ್ಲ ಹೆಂಗಸು ಸಿಗದಿದ್ದರೆ ತಂಡವಿಲ್ಲ ಎಂದರು.

ಎರಡು ದಿನ ಸುಮಲತಾ ಹೊಲಿಗೆ ಕ್ಲಾಸಿನಲ್ಲಿ ತಲೆ ಎತ್ತಲಿಲ್ಲ. ಮೂರನೆಯ ದಿನ ತನ್ನ ಅತ್ತೆ ಸೋಮಿಯನ್ನು ಶಾಲೆಗೇ ಕರೆತಂದಳು. ಸೋಮಿ ಕಾಳಿ ನದಿಯಲ್ಲಿ ಚಿಪ್ಪು ಹೆಕ್ಕಿ ಮಾರುವವಳು. ಸಮುದ್ರ ಉಕ್ಕಿ ಬರುವ ಭರತದ ನೀರಿನಲ್ಲೂ ಈಜಿ ಬರುತ್ತಾಳೆಂದು ಹೆಸರು. ಅವಳು ಕಾಯಲು ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

“ಅಕ್ಕೋರೂ ಇಳೀಬೇಕು. ದಡದ ಮೇಲೆ ಹೆದ್ರಿ ನಿಂತವ್ರ ಮುಖ ನೋಡಿ ನೀರಲ್ಲಿದ್ದ ಮಕ್ಳೂ ಹೆದರ್ತವೆ.”

ಅಮಿತಾಳ ಹೆದರಿಕೆ ಎಲ್ಲಿಂದ ಬಂದಿತ್ತೆಂದು ಅಕ್ಕೋರಿಗೆ ಆಗ ತಿಳಿಯಿತು.

ಮರುದಿನ ಸೀರೆ ಎತ್ತಿ ಕಟ್ಟಿ ಇಳಿದರು. ಏಳನೆಯ ಮೆಟ್ಟಿಲಿನ ಪಾಚಿಗೆ ಕಾಲು ಜಾರಿತು. ಇನ್ನಷ್ಟು ಇಳಿದು ನೀರು ಎದೆಗೆ ಬಂದದ್ದೇ ಕಣ್ಣು ಕತ್ತಲಿಟ್ಟಿತು. ಎಡಗೈಯನ್ನು ಸೋಮಿ ಹಿಡಿದಿದ್ದಳು, ಬಲಗೈಯನ್ನು ಅಮಿತಾ.

“ಸ್ವಲ್ಪ ಸಡ್ಲ ಹಿಡೀರಿ ಅಕ್ಕೋರೆ, ನನ್ನ ಬೆರಳು ಮುರೀತದೆ,” ಎಂದಳು ಅಮಿತಾ.

“ಬಿಡೂದಿಲ್ಲ!”

“ಬಿಡೂದು ಬ್ಯಾಡ. ಉಸಿರು ಬಿಡಿ, ಸಾಕು.”

ಎಷ್ಟೋ ಹೊತ್ತಿಗೆ ಉಸಿರು ಹೊರಬಂತು. ಹುಡುಗಿಯರು ನಕ್ಕರು, ಅಕ್ಕೋರು ನಗಲಿಲ್ಲ. ಆ ವಾರದಲ್ಲಿ ಅಮಿತಾ ನಡುನೀರು ದಾಟಿದಳು. ಮುಂದೆ ಸುಮಲತಾ, ಪಕ್ಕಕ್ಕೆ ಉಳಿದಿಬ್ಬರು, ಎದೆಮಟ್ಟದ ನೀರಿನಲ್ಲಿ ಕಲ್ಲು ಹಿಡಿದು ನಿಂತ ಅಕ್ಕೋರು.

ಜಿಲ್ಲಾ ಸ್ಪರ್ಧೆಯಲ್ಲಿ ಐದು ತಂಡಗಳಲ್ಲಿ ಇವರದು ಮೂರನೆಯದಾಯಿತು. ಸುಗಂಧಾ ಅಕ್ಕೋರು ನಿವೃತ್ತರಾಗುವವರೆಗೂ ಪ್ರತಿ ವರ್ಷ ಸೋಮಿಯ ಜೊತೆ ಆ ಕೆರೆಗೆ ಹೋದರು. ಈಜು ಮಾತ್ರ ಕೊನೆಗೂ ಬರಲಿಲ್ಲ. ಪ್ರತಿ ಸಲವೂ ಹೆದರಿದರು, ಹೆದರುತ್ತಲೇ ಇಳಿದರು, ಮತ್ತು ಹೊಸ ಹುಡುಗಿಯರಿಗೆ ಮೊದಲ ದಿನವೇ “ನಂಗೆ ಈಜು ಬರೂದಿಲ್ಲ” ಎಂದು ಹೇಳಿಬಿಡುತ್ತಿದ್ದರು.