ಸೊಟ್ಟ ಗದ್ದದ ತಮ್ಮಯ್ಯ ಸರ್

ಮುರಿದ ಮುಖ ಕಟ್ಟುವ ನಮ್ಮ ತಮ್ಮಯ್ಯ ಸರ್ ಅವರ ಗದ್ದವೇ ಸೊಟ್ಟಗಿತ್ತು. ಏನೋ ಚೂರುಪಾರು ಅಲ್ಲ, ಎದುರಿಗೆ ನಿಂತವರಿಗೆ ಮೊದಲು ಕಾಣುತ್ತಿದ್ದುದೇ ಅದು. ಗದ್ದ ಎಡಕ್ಕೆ ಜರುಗಿತ್ತು, ನಕ್ಕರೆ ಬಾಯಿಯೂ ಅದರ ಹಿಂದೆಯೇ ಓಡುತ್ತಿತ್ತು. ಬಾಗಿಲ ಬಳಿ ಕಾಯುತ್ತಿದ್ದ ಜನ ಒಳಗೆ ಇಣುಕಿ, "ಇವ್ರು ನಮ್ ಮೂತಿ ಏನ್ ಸರಿ ಮಾಡಾರು, ಮೊದ್ಲು ತಮ್ದು ಮಾಡುಸ್ಕಳ್ಲಿ" ಅಂತ ಪಿಸುಗುಟ್ಟುವುದನ್ನು ನಾನೇ ಕೇಳಿದ್ದೇನೆ. ಸರ್ ಕಿವಿಗೂ ಬೀಳುತ್ತಿತ್ತು. ಕೋಪ ಮಾಡಿಕೊಳ್ಳುವ ಜಾಯಮಾನವೇ ಅಲ್ಲ ಅವರದು. "ಮಾಡುಸ್ಕತೀನಿ ಕಣಪ್ಪ, ಮೊದ್ಲು ನಿಂದಾಗ್ಲಿ. ಕ್ಯೂನಲ್ಲಿ ನಾನೇ ಕೊನೆ" ಅಂದು ಟಾರ್ಚು ಹಿಡಿದು ಅವನ ಬಾಯಿ ತೆರೆಸುತ್ತಿದ್ದರು.

ನಾನು ಪಾಲಹಳ್ಳಿಯವಳು, ಬಾಯಿ ಸ್ವಲ್ಪ ಜೋರು. ಹಲ್ಲಿನ ಡಾಕ್ಟರಿಕೆ ಓದಿ, ಆಮೇಲೆ ಬಾಯಿ-ದವಡೆಯ ಸರ್ಜರಿಯಲ್ಲಿ ಎಂಡಿಎಸ್ ಮಾಡಿ, ಅದೂ ಸಾಲದು ಅಂತ ಅಪಘಾತದಲ್ಲಿ ಒಡೆದ ಮುಖಗಳನ್ನು ಮತ್ತೆ ಕಟ್ಟುವ ವಿದ್ಯೆ ಕಲಿಯಲು ಹೆದ್ದಾರಿ ಪಕ್ಕದ ಒಂದು ಆಸ್ಪತ್ರೆಗೆ ಒಂದು ವರ್ಷದ ಫೆಲೋಶಿಪ್‌ಗೆ ಸೇರಿದೆ. "ಇನ್ನೂ ಓದದಾ? ನಿನ್ ಮಕ್ಳ ಜೊತೆ ಪರೀಕ್ಷೆ ಬರೀತೀಯೇನೋ" ಅಂತ ನಮ್ಮಮ್ಮ ಬೈದಿದ್ದಳು. ಅಲ್ಲಿ ನನ್ನ ಗುರುಗಳೇ ತಮ್ಮಯ್ಯ ಸರ್. ಮೊದಲ ದಿನ ಅವರು ನನ್ನ ಮಾರ್ಕ್ಸ್ ಕಾರ್ಡನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಕುರಿ ತಲೆ ಕಂಡ್ರೆ ಎಂಗೇನವ್ವ ನಿಂಗೆ?" ಅಂದರು.

"ತಿನ್ನಕ್ಕೆ ಬಲು ಇಷ್ಟ ಸರ್."

"ಸದ್ಯ. ಆದ್ರೆ ಇಲ್ಲಿ ತಿನ್ನಂಗಿಲ್ಲ ತಾಯಿ, ಜೋಡ್ಸದು ಅಷ್ಟೆ."

ಸರ್ ಬಿಂಡಿಗನವಿಲೆ ಕಡೆಯವರು. ಊರಲ್ಲಿ ತಮ್ಮನ ಮನೆಯಲ್ಲಿ ತಾಯಿ ಸಣ್ಣಮ್ಮ ಇದ್ದರು. ಭಾನುವಾರ ಹೋಗಿ ತಾಯಿಯನ್ನು ಮಾತಾಡಿಸಿಕೊಂಡು, ಬರುವಾಗ ಮಟನ್ ಅಂಗಡಿಯಿಂದ ನಾಲ್ಕೈದು ಕುರಿ ತಲೆಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಆಮೇಲೆ ಕಲಿಯಲು ಬಂದಿದ್ದ ನಮ್ಮನ್ನೆಲ್ಲ ಹೊರಗೆ ಕಳಿಸಿ, ಸುತ್ತಿಗೆಯಲ್ಲಿ ಒಂದೊಂದು ದವಡೆಯನ್ನು ಎರಡು ಮೂರು ಕಡೆ ಒಡೆದು, ಒಳಗೆ ಕರೆದು ಜೋಡಿಸಿ ಅನ್ನುತ್ತಿದ್ದರು. ನಮಗೆ ಅದೇ ಪಾಠ, ಅದೇ ಪರೀಕ್ಷೆ.

ನಾನು ಮೊದಲ ದವಡೆಯನ್ನು ಎಷ್ಟು ಚೆಂದ ಕೂಡಿಸಿದ್ದೆ ಅಂದರೆ ಒಡೆದ ಗೆರೆಯೇ ಕಾಣುತ್ತಿರಲಿಲ್ಲ. ಅಂಚಿಗೆ ಅಂಚು ಸೇರಿಸಿ, ತಂತಿ ಬಿಗಿದು, ಶಹಬ್ಬಾಸ್‌ಗಿರಿಗೆ ಕಾದು ನಿಂತೆ. ಸರ್ ಮೇಲಿನ ದವಡೆಯನ್ನು ಕೆಳಗಿನದರ ಮೇಲೆ ಇಟ್ಟು ಅಮುಕಿದರು. ಒಂದು ಕಡೆ ಹಲ್ಲು ತಾಗಿತು, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದಿ.

"ಈ ಕುರಿ ಇನ್ಮೇಲೆ ಉಪಾಸ" ಅಂದರು. ಆಮೇಲೆ ಟಾರ್ಚು ಹಾಕಿ ಹಿಂದಿನ ಹಲ್ಲುಗಳನ್ನು ತೋರಿಸಿದರು. ಒಂದೊಂದರ ಮೇಲೂ ತೇದು ತೇದು ನುಣ್ಣಗಾದ ಇಳಿಜಾರು ಇತ್ತು. "ನೋಡವ್ವ, ಮುರ್ದಿರೋ ಅಂಚು ಮೋಸ ಮಾಡ್ತದೆ. ಹಲ್ಲು ಮಾಡಾಕಿಲ್ಲ. ಇದು ಹುಟ್ಟಿದಾಗ್ಲಿಂದ ಇದೇ ಹಲ್ಲಲ್ಲಿ ಸೊಪ್ಪು ಅಗ್ದದೆ. ಎಲ್ಲಿ ತೇದದೋ ಅಲ್ಲೇ ಮೇಲಿನ್ ಹಲ್ಲು ಕೂರ್ಬೇಕು. ಹಲ್ಲು ಹಲ್ಲಿಗೆ ಕುಂತ್ರೆ ಮೂಳೆ ತಾನಾಗೇ ತನ್ ಜಾಗಕ್ಕೆ ಬತ್ತದೆ." ಆವತ್ತು ಸಂಜೆಯವರೆಗೂ ಕಟ್ಟಿದ್ದನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಬೆರಳೆಲ್ಲ ತಂತಿ ಚುಚ್ಚಿದ ಗಾಯ. ಮನೆಗೆ ಫೋನ್ ಮಾಡಿ ಅತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅವರದು ಇನ್ನೊಂದು ಪದ್ಧತಿ ಇತ್ತು. ಗಾಯಾಳುವನ್ನು ಕರೆತಂದ ಮನೆಯವರಿಗೆ, ಜೀವಕ್ಕೆ ಭಯವಿಲ್ಲ ಅಂತ ಹೇಳಿದ ಮೇಲೆ, "ಹಳೇ ಫೋಟೋ ಒಂದು ತಂದ್ಕೊಡಿ, ಮದ್ವೇದೋ ನಾಮಕರಣದ್ದೋ, ನಕ್ಕಿರದಾದ್ರೆ ಇನ್ನೂ ಒಳ್ಳೇದು" ಅನ್ನುತ್ತಿದ್ದರು. ಅದನ್ನು ಆಪರೇಷನ್ ಥಿಯೇಟರಿನ ಗೋಡೆಗೆ ಅಂಟಿಸಿಯೇ ಚಾಕು ಹಿಡಿಯುತ್ತಿದ್ದುದು. ಊತ ಇಳಿದ ಮೇಲೆ ತಾಯಿಯನ್ನೋ ಹೆಂಡತಿಯನ್ನೋ ಒಳಗೆ ಕರೆಸುತ್ತಿದ್ದರು. ಬಂದವಳು ತಡವರಿಸದೆ ನೇರ ಮಂಚದ ಹತ್ತಿರ ಹೋದರೆ ಸರ್ ನಮ್ಮ ಕಡೆ ತಿರುಗಿ, "ಪಾಸು" ಅನ್ನುತ್ತಿದ್ದರು. ಬಾಗಿಲಲ್ಲೇ ಅನುಮಾನಿಸಿ ನಿಂತಳೋ, ಆ ವಾರ ನಮ್ಮ ಕಥೆ ಮುಗಿಯಿತು.

ನಾನು ಒಂದು ಸಲ ಫೇಲಾದೆ. ಹೇಮಗಿರಿ ಕಡೆಯ ಪುಟ್ಟರಾಜು ಅಂತ, ಹಾಲು ಹಾಕಿ ಬರುವಾಗ ಬೈಕಿನಿಂದ ಬಿದ್ದು ಮೂಗು, ಕೆನ್ನೆ ಎರಡೂ ಒಡೆದುಕೊಂಡಿದ್ದ. ಸರ್ ಮೊದಲ ಬಾರಿಗೆ ಮೂಗಿನ ಕೆಲಸವನ್ನು ಪೂರ್ತಿ ನನ್ನ ಕೈಗೆ ಬಿಟ್ಟು ತಾವು ಕೆನ್ನೆಯ ಕಡೆ ನಿಂತರು. ಫೋಟೋ ಗೋಡೆ ಮೇಲೇ ಇತ್ತು. ಅದರಲ್ಲಿ ಅವನ ಮೂಗು ನಡುವೆ ಗೂನಾಗಿ ಬಲಕ್ಕೆ ವಾಲಿತ್ತು. ನಾನು ಅದನ್ನು ನೋಡಿಯೂ ನೋಡದವಳಂತೆ, ಹೇಗೂ ಕೈ ಹಾಕಿದ್ದೀನಿ, ನೆಟ್ಟಗೇ ಮಾಡಿಬಿಡೋಣ ಅಂತ ಮಾಡಿದೆ. ಎಂಥಾ ಮೂಗು ಅಂತೀರಿ! ಪುಸ್ತಕದಲ್ಲಿ ಹಾಕಬೇಕು, ಹಾಗಿತ್ತು.

ಪಟ್ಟಿ ಬಿಚ್ಚಿ ಊತ ಇಳಿದ ದಿನ ಅವನ ತಾಯಿ ಒಳಗೆ ಬಂದವಳು ನಡುವೆಯೇ ನಿಂತಳು. ಮಗ "ಅವ್ವೋ" ಅಂದ ಮೇಲೇ ಹತ್ತಿರ ಹೋದದ್ದು. ಅವನ ಮೂಗನ್ನೇ ನೋಡುತ್ತಾ, "ದನಿ ನಮ್ ಪುಟ್ಟಂದೇ. ಮೂತಿ ಯಾರ್ದೋ ಮನೆ ಮಗನ್ದಂಗದೆ. ನಮ್ಮೆಜಮಾನ್ರ ಮೂಗಿತ್ತು ಸ್ವಾಮಿ ಇವ್ನಿಗೆ. ಅವ್ರು ತೀರ್ಕಂಡ್ಮೇಲೆ ಅದೊಂದಾದ್ರೂ ಮನೇಲಿತ್ತು" ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪುಟ್ಟರಾಜು "ಚೆಂದಾಗದೆ ಬುಡವ್ವ" ಅಂತ ನಗುತ್ತಿದ್ದ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾರಿಡಾರಿನಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು.

"ಅಂದ ಮಾಡ್ಕೊಡು ಅಂತ ಯಾರವ್ವ ಏಳಿದ್ರು ನಿಂಗೆ? ನಮ್ ಉಡ್ಗುನ್ನ ನಮ್ಗೆ ವಾಪಸ್ ಕೊಡಿ ಅಂತ ಕೊಟ್ಟಿದ್ರು. ನೀನು ಬ್ಯಾರೆ ಯಾರ್ನೋ ಕೊಟ್ಬುಟ್ಟೆ."

ಎರಡು ವಾರ ನನಗೆ ಚಾಕು ಕೊಡಲಿಲ್ಲ. ಪಕ್ಕದಲ್ಲಿ ನಿಂತು ಬೇರೆಯವರ ಕೈಗೆ ಬೆಳಕು ಬೀಳುವ ಹಾಗೆ ಕೆನ್ನೆ ಎಳೆದು ಹಿಡಿಯುವುದಷ್ಟೇ ಕೆಲಸ. ಉರಿದುಹೋಗುತ್ತಿತ್ತು ನನಗೆ. ಆ ಉರಿಯಲ್ಲೇ ಒಂದು ದಿನ ಕ್ಯಾಂಟೀನಿನಲ್ಲಿ ಬಾಯಿ ಜಾರಿತು.

"ನೆಟ್ಟಗಿರೋದು ಅಷ್ಟು ಕೆಟ್ಟದ್ದಾ ಸರ್? ನಿಮ್ಮ ಗದ್ದಾನೂ ಸರಿ ಮಾಡಬಹುದಲ್ಲ. ಯಾಕೆ ಮಾಡಿಸಿಕೊಂಡಿಲ್ಲ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಟೀ ಲೋಟ ಕೆಳಗಿಟ್ಟರು. ಐದಾರು ವರ್ಷದವರಿದ್ದಾಗ ಮನೆಯ ಟಗರು ಗುದ್ದಿ ಎಡಗಡೆಯ ದವಡೆ ಕಿವಿಯ ಹತ್ತಿರ ಮುರಿಯಿತಂತೆ. ತಾಯಿ ಸೊಪ್ಪು ಅರೆದು ಹಚ್ಚಿ, ತಮ್ಮ ಹಳೇ ಸೀರೆ ಹರಿದು ಗದ್ದಕ್ಕೂ ನೆತ್ತಿಗೂ ಸುತ್ತಿ ಕಟ್ಟಿ, ತಿಂಗಳುಗಟ್ಟಲೆ ಗಂಜಿ ಕುಡಿಸಿ ಉಳಿಸಿಕೊಂಡರಂತೆ. ನೋವು ಹೋಯಿತು. ಆದರೆ ಆ ಕಡೆ ಮೂಳೆ ಬೆಳೆಯಲಿಲ್ಲ, ಗದ್ದ ಅತ್ತಲೇ ಎಳೆದುಕೊಂಡಿತು.

"ಓದುವಾಗ ನಮ್ ಗುರುಗಳೇ ಮಾಡ್ತೀನಿ ಅಂದಿದ್ರು. ಊರ್ಗೋದೆ ಕೇಳಕ್ಕೆ ಅಂತ. ನಮ್ಮವ್ವ ಗದ್ದ ಹಿಡ್ಕಂಡು, 'ನಾನ್ ಕಟ್ಟಿದ್ದು ಸರ್ಯಾಗ್ಲಿಲ್ವೇನೋ ಮಗ' ಅಂದ್ಳು. ಅಷ್ಟೇ ಕಣವ್ವ. ಇದುನ್ನ ಸರಿ ಮಾಡುಸ್ಕಂಡ್ರೆ ಅವ್ಳು ಮಾಡಿದ್ದು ತಪ್ಪು ಅಂತಾಯ್ತದೆ. ಇರ್ಲಿ ಬುಡು, ಅನ್ನ ತಿನ್ನಕ್ಕೇನೂ ತೊಂದ್ರೆ ಇಲ್ಲ."

ಆಮೇಲೊಮ್ಮೆ ಅವರ ಜೊತೆ ಊರಿಗೂ ಹೋಗಿದ್ದೆ. ಸಣ್ಣಮ್ಮನವರಿಗೆ ಆಗಲೇ ಕಣ್ಣು ತೀರಾ ಮಂಜು. ಮಗ ಬಂದು ಕೂತರೆ ಕೈ ಚಾಚಿ ಹಣೆ, ಮೂಗು ಸವರಿ, ಗದ್ದ ಹಿಡಿದು ಆ ಸೊಟ್ಟನ್ನು ಹೆಬ್ಬೆರಳಲ್ಲಿ ಒಂದು ಸಲ ಒತ್ತಿ, "ಬಂದ್ಯಾ" ಅನ್ನುತ್ತಿದ್ದರು. ಅರವತ್ತರ ಹತ್ತಿರದ ಡಾಕ್ಟರು ಮಗುವಿನ ಹಾಗೆ ಮುಖ ಚಾಚಿಕೊಂಡು ಕೂತಿರುತ್ತಿದ್ದರು.

ಕಬ್ಬು ಕಟಾವಿನ ಕಾಲ ಬಂತೆಂದರೆ ಸರ್‌ಗೆ ನೆಮ್ಮದಿ ಇರುತ್ತಿರಲಿಲ್ಲ. ಪಾಂಡವಪುರ, ಕೆ.ಆರ್.ಪೇಟೆ ಕಡೆಯ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಟ್ರಾಕ್ಟರು ಗಾಡಿಗಳಿಗೆ ಬೈಕು ಗುದ್ದಿ ಮುಖ ಒಡೆದುಕೊಂಡವರೇ ನಮ್ಮ ವಾರ್ಡಿನ ತುಂಬ. ಬೆಳಕು ಬಿದ್ದರೆ ಹೊಳೆಯುವ ಕೆಂಪು ಸ್ಟಿಕ್ಕರಿನ ಸುರುಳಿಯನ್ನು ಸರ್ ಕಾರಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಕಬ್ಬಿನ ಗಾಡಿ ಕಂಡಲ್ಲಿ ಕಾರು ನಿಲ್ಲಿಸಿ, "ಯಾವೂರ್ಲಾ, ನಿಂತ್ಕಳ್ಲಾ ಒಂದ್ನಿಮಿಷ" ಅಂತ ಡ್ರೈವರನ್ನು ಇಳಿಸಿ, ತಾವೇ ಬಗ್ಗಿ ಹಿಂದೆ ಅಂಟಿಸುತ್ತಿದ್ದರು. ನಾನು ನಗುತ್ತಿದ್ದೆ. "ನಗವ್ವ ನಗು. ಇಲ್ಲೊಂದು ಅಂಟುಸುದ್ರೆ ಅಲ್ಲೊಂದು ತಲೆ ಕಮ್ಮಿ ನಿಂಗೆ" ಅನ್ನುತ್ತಿದ್ದರು.

ನಾನು ಫೆಲೋಶಿಪ್ ಮುಗಿಸಿ ಶ್ರೀರಂಗಪಟ್ಟಣದಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಮಂಜು ಬಿದ್ದ ಒಂದು ಬೆಳಗ್ಗೆ, ಪಾಂಡವಪುರದ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಗಾಡಿಯ ಹಿಂದೆ ಬಗ್ಗಿ ಸ್ಟಿಕ್ಕರ್ ಅಂಟಿಸುತ್ತಿದ್ದ ಸರ್‌ಗೆ ಹಿಂದಿನಿಂದ ಬಂದ ಒಂದು ವ್ಯಾನು ಗುದ್ದಿತು. ಅಲ್ಲೇ ಹೋಗಿಬಿಟ್ಟರು. ಅವರ ಹೆಂಡತಿ ಜಯಕ್ಕ ಫೋನ್ ಮಾಡಿದಾಗ ನಾನು ತಿಂಡಿ ತಟ್ಟೆ ಹಿಡಿದು ಕೂತಿದ್ದೆ. ಹೇಗೆ ಹೊರಟೆ, ಯಾರ ಗಾಡಿಯಲ್ಲಿ ಹೋದೆ, ಇವತ್ತಿಗೂ ನೆನಪಿಲ್ಲ.

ಪೋಸ್ಟ್‌ಮಾರ್ಟಂ ಮುಗಿದಿತ್ತು. ಜಯಕ್ಕ ನನ್ನ ಕೈ ಹಿಡಿದುಕೊಂಡು, "ಮುಖ ನೋಡಂಗಿಲ್ಲ, ಬಟ್ಟೆ ಮುಚ್ಚೇ ತಗೊಂಡೋಗಣ ಅಂತಾವ್ರೆ ಎಲ್ಲ. ನಮ್ಮತ್ತೆ ಮುಟ್ದೆ ಬುಡಲ್ಲ ಕಣಮ್ಮ. ಅವ್ರ ಕೈಗೆ ಏನು ಸಿಗ್ತದೆ ಹೇಳು" ಅಂತ ಗೋಳೋ ಅಂದರು. ನಾನು ಅಲ್ಲಿನ ಡಾಕ್ಟರನ್ನು ಕೇಳಿ ಒಪ್ಪಿಸಿ, ತಂತಿ, ದಾರ, ಟಾರ್ಚು ತರಿಸಿಕೊಂಡೆ. ಆಮೇಲೆ ಅಭ್ಯಾಸಬಲ, "ಫೋಟೋ ಒಂದು ಬೇಕು ಜಯಕ್ಕ" ಅಂದೆ. ಅವರು ಮೊಬೈಲು ಕೊಟ್ಟರು. ಊರಿನ ಹುಡುಗರು ಆಗಲೇ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿ ಅದರ ಚಿತ್ರ ಕಳಿಸಿದ್ದರು. ಅದರಲ್ಲಿ ಸರ್ ನಗುತ್ತಿದ್ದರು.

ಒಳಗೆ ಒಬ್ಬಳೇ ನಿಂತೆ. ಕ್ಯೂನಲ್ಲಿ ನಾನೇ ಕೊನೆ ಅನ್ನುತ್ತಿದ್ದವರ ಸರದಿ ಬಂದಿತ್ತು. ಕೆಳದವಡೆ ಮೂರು ಚೂರಾಗಿತ್ತು, ಭಾನುವಾರದ ಕುರಿ ದವಡೆಯ ಹಾಗೆ. ಅಳು ನುಂಗಿಕೊಂಡು, ಫೋಟೋ ನೋಡುತ್ತ, ಗದ್ದವನ್ನು ಮೂಗಿನ ನೇರಕ್ಕೆ ತಂದು ಕಟ್ಟಿದೆ. ಹಲ್ಲು ಕೂರಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ. ಒಂದು ಕಡೆ ತಾಗಿತು, ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದಿ. ಮೂರನೇ ಸಲವೂ ಅದೇ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ.

ಗದ್ದ ನೆಟ್ಟಗಿತ್ತು. ಫ್ಲೆಕ್ಸ್ ಮಾಡಿದ ಸ್ಟುಡಿಯೋದವನು ದೊಡ್ಡ ಮನುಷ್ಯರಿಗೆ ಮರ್ಯಾದೆ ಅಂತ ಕಂಪ್ಯೂಟರಿನಲ್ಲಿ ಸರ್ ಮುಖ ತಿದ್ದಿಬಿಟ್ಟಿದ್ದ. ಪುಟ್ಟರಾಜುಗೆ ನಾನು ಮಾಡಿದ್ದನ್ನೇ ಅವನೂ ಮಾಡಿದ್ದ. ದುಃಖದ ಮಂಕಿನಲ್ಲಿ ನಾನು ಅದನ್ನೇ ನಂಬಿ, ದಿನಾ ಎದುರಿಗೆ ನೋಡಿದ ಮುಖವನ್ನು ಮರೆತು ಕಟ್ಟುತ್ತಿದ್ದೆ. ಥೂ ನನ್ನ ಜನ್ಮಕ್ಕೆ!

ಮೊಬೈಲು ಮಗುಚಿಟ್ಟು ಟಾರ್ಚು ಹಿಡಿದೆ. ಸರ್ ಹಿಂದಿನ ಹಲ್ಲುಗಳ ಮೇಲೆ, ಓರೆಯಾಗಿ ಅಗಿದು ಅಗಿದು ತೇದ ಇಳಿಜಾರು ಹೊಳೆಯಿತು. ಅಲ್ಲಿಗೆ ಅಲ್ಲಿ, ಇಲ್ಲಿಗೆ ಇಲ್ಲಿ, ಹಲ್ಲಿಗೆ ಹಲ್ಲು ಕೂರಿಸಿ ತಂತಿ ಬಿಗಿದೆ. ಗದ್ದ ತಾನಾಗೇ ಎಡಕ್ಕೆ ಜರುಗಿ ನಿಂತಿತು. ನನ್ನ ಸರ್ ಬಂದುಬಿಟ್ಟರು. ಆಗ ಬಂತು ನೋಡಿ ಅಳು, ಕೈಗವುಸಲ್ಲೇ ಕಣ್ಣೊರೆಸಿಕೊಂಡು, ನಿಂತಲ್ಲೇ ಅತ್ತುಬಿಟ್ಟೆ. ಆಮೇಲೆ ಹೊಲಿಗೆ ಮುಗಿಸಿದೆ.

ಊರಿನ ಮನೆಯ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದರು, ನೆಟ್ಟಗಿನ ಗದ್ದದ್ದು. ಅದರ ಕೆಳಗೇ ಸರ್‌ನ ಮಲಗಿಸಿದರು. ಸಣ್ಣಮ್ಮನವರನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ಮನೆ ತುಂಬ ಅಳುತ್ತಿದ್ದವರು ಅವರ ಕೈ ಮೇಲೆದ್ದದ್ದು ಕಂಡು ಸುಮ್ಮನಾದರು. ಹಣೆ ಸವರಿದರು. ಮೂಗು ಸವರಿದರು. ನನ್ನ ಹೊಲಿಗೆಯ ಮೇಲೆ ಬೆರಳು ಬಂದಾಗ ಒಂದು ಗಳಿಗೆ ನಿಂತಿತು. ಆಮೇಲೆ ಕೈ ಕೆಳಗಿಳಿದು ಗದ್ದ ಹಿಡಿಯಿತು. ಹೆಬ್ಬೆರಳು ಎಡಕ್ಕೆ ಹೋಗಿ ಆ ಸೊಟ್ಟನ್ನು ಮೆಲ್ಲಗೆ ಒತ್ತಿತು.

"ಬಂದ್ಯಾ ಮಗ" ಅಂದರು.

ನಾನು ಬಾಗಿಲ ಹತ್ತಿರ ನಿಂತು, ಅಭ್ಯಾಸದಂತೆ, ಸರ್ ನನ್ನ ಕಡೆ ತಿರುಗಲಿ ಅಂತ ಕಾದೆ.