ರಾಡಕ್ಕನ ಬಿಸಿ ಪೆಟ್ಟಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಿಪೇರಿ ಶೆಡ್ಡಿನ ಶಟರ್ ಎತ್ತಿ ಒಳಗೆ ಬರುವ ರಾಡಕ್ಕ ಮೊದಲು ಮುಟ್ಟಿ ನೋಡುವುದು ಮೂಲೆಯ ತಗಡಿನ ಪೆಟ್ಟಿಗೆಯನ್ನು. ಕರೆಂಟಿನಲ್ಲಿ ಕಾಯುವ ಆ ಪೆಟ್ಟಿಗೆಯೊಳಗೆ ವೆಲ್ಡಿಂಗ್ ರಾಡುಗಳು ತೇವ ತಾಗದಂತೆ ಬಿಸಿಯಾಗಿ ಮಲಗಿವೆ. ಬೀಗದ ಕೈ ಸದಾ ಅವರ ಕೊರಳಲ್ಲಿ. ಜೊತೆಗೆ ದುಡಿಯುವ ಸ್ವಂತ ತಮ್ಮನಿಗೂ ಅದು ಸಿಗುವುದಿಲ್ಲ.

ಮುರಿದ ಶಾಫ್ಟೊಂದು ಮೇಜಿನ ಮೇಲಿದೆ. ಅರ ಹಾಕಿ ಉಜ್ಜಿದರೆ ಅರ ಕಚ್ಚದೆ ಜಾರುತ್ತದೆ. "ಇದು ಗಟ್ಟಿ ಪಿಂಡ. ಇದಕ್ಕೆ ಬೆಸೆಯಬೇಕಾದ ತಟ್ಟೆ ಮೆತ್ತನೆ ಕಬ್ಬಿಣ. ಒಂದು ಮೊಂಡು, ಒಂದು ಸಾಧು. ಎರಡಕ್ಕೂ ಒಗ್ಗೋ ರಾಡ್ ಹುಡುಕೋದಕ್ಕಿಂತ ಹೆಣ್ಣು-ಗಂಡಿನ ಸಂಬಂಧ ಕುದುರಿಸೋದೇ ಸುಲಭ," ಎನ್ನುತ್ತ ಸ್ಟೇನ್‌ಲೆಸ್ ರಾಡುಗಳನ್ನು ಆರಿಸಿ ತಮ್ಮನ ಮುಂದಿಡುತ್ತಾರೆ. "ಮೊದಲು ಬಿಸಿ ಮಾಡು. ಆಮೇಲೆ ಬೂದಿಯಲ್ಲಿ ಹೂತಿಡು, ನಿಧಾನಕ್ಕೆ ಆರಲಿ." ಅಕ್ಕ ತಮ್ಮನ ನಡುವೆ ಮಾತೆಂದರೆ ಇಷ್ಟೇ.

ಇಬ್ಬರಿಗೂ ಕೆಲಸ ಕಲಿಸಿದ್ದು ಅಪ್ಪ. ಬೆಂಕಿಯ ಬೆಳಕಿಗೆ ಅಕ್ಕನ ದೃಷ್ಟಿ ಮಂದವಾದ ಮೇಲೆ ಬೆಸೆಯುವ ಕೈ ತಮ್ಮನದು, ರಾಡು ಆರಿಸುವ ತಲೆ ಅಕ್ಕನದು. ಬೇರೆಯವರು ಕೈಚೆಲ್ಲಿದ ಎಂಟು-ಹತ್ತು ಸಾಮಾನು ದಿನವೂ ಇಲ್ಲಿಗೆ ಬರುತ್ತವೆ. ಬೋರ್ಡಿನ ಮೇಲೆ ಮಾತ್ರ ತಮ್ಮನೊಬ್ಬನ ಹೆಸರು.

ಮೂರು ವರ್ಷದ ಹಿಂದೆ ರಾಡಕ್ಕ ಜ್ವರದಿಂದ ಮಲಗಿದ್ದ ದಿನ, ಅವರ ಗಂಡ ಓಡಿಸುತ್ತಿದ್ದ ಮಣ್ಣೆತ್ತುವ ಲೋಡರ್‌ನ ತೋಳು ಬಿರುಕು ಬಿಟ್ಟು ಬಂತು. ಗಟ್ಟಿ ಉಕ್ಕು. ಅಂದು ತಣ್ಣಗಿದ್ದ ಪೆಟ್ಟಿಗೆ ಬಿಸಿಯಾಗುವವರೆಗೆ ಕಾಯುವ ಪುರುಸೊತ್ತು ತಮ್ಮನಿಗಿರಲಿಲ್ಲ. ಕಿಟಕಿಯ ಬಳಿ ತೇವ ಹೀರಿ ಬಿದ್ದಿದ್ದ ಮಾಮೂಲಿ ರಾಡಿನಲ್ಲೇ ಬೆಸೆದುಬಿಟ್ಟ. ನೋಡಲು ಬೆಸುಗೆ ಚೆಂದವಾಗಿಯೇ ಇತ್ತು. ತೇವದ ರಾಡು ಮಾಡುವ ಮೋಸ ಆಗಲೇ ಕಾಣುವುದಿಲ್ಲ, ಬೆಸುಗೆ ಆರಿದ ಮೇಲೆ ಒಳಗೊಳಗೇ ಬಿರಿಯುತ್ತದೆ. ಮರುದಿನ ತೋಳು ಮುರಿದು, ಕೆಳಗೆ ಗ್ರೀಸ್ ಹಚ್ಚುತ್ತಿದ್ದ ಗಂಡನ ಕಾಲಿನ ಮೇಲೆ ಬಿತ್ತು.

ಒಂಟಿ ಕಾಲಿನ ಆ ಮನುಷ್ಯ ಈಗ ಶೆಡ್ಡಿನ ಬಾಗಿಲಲ್ಲಿ ಕೂತು ತುಕ್ಕು ಉಜ್ಜುತ್ತಾರೆ. "ಹೋದ ಕಾಲು ವಾಪಸ್ ಬರುತ್ತಾ? ಹೋಗ್ಲಿ ಬಿಡೇ ಅಂದ್ರೆ ಇವಳು ಕೇಳಲ್ಲ," ಎಂದು ನಗಲು ನೋಡುತ್ತಾರೆ. ನೋಡುವವರಿಗೇ ಸಂಕಟವಾಗುತ್ತದೆ.

ಮುಖಗವಸು ಸರಿಸಿದ ತಮ್ಮ, ಮಾತಾಡಿಸಲು ಬಂದ ನನಗೆ ಮೆಲ್ಲಗೆ ಹೇಳುತ್ತಾನೆ: "ಭಾವನೇ ಮರೆತ್ರು. ಅಕ್ಕನ ಹತ್ರ ಎಂಥ ಉಕ್ಕಿಗೂ ರಾಡಿದೆ. ನನಗೆ ಮಾತ್ರ ಒಂದು ಒಳ್ಳೇ ಮಾತಿಲ್ಲ."

ಅದು ರಾಡಕ್ಕನಿಗೂ ಕೇಳಿಸುತ್ತದೆ. ಆದರೂ ಪೆಟ್ಟಿಗೆಗೆ ಬೀಗ ಜಡಿದು ಬೀಗದ ಕೈಯನ್ನು ಸೆರಗಿನೊಳಗೆ ಇಳಿಬಿಟ್ಟು ನನ್ನತ್ತ ತಿರುಗುತ್ತಾರೆ.

"ಆಸೆ ಏನು ಅಂತ ಕೇಳಿದ್ರಲ್ಲ? ನನ್ನ ಕಾಲ ಮುಗಿದ ಮೇಲೆ ಈ ಬೀಗದ ಕೈ ತಮ್ಮನಿಗೇ ಸೇರಬೇಕು, ಇನ್ಯಾರಿದ್ದಾರೆ? ಅದಕ್ಕೆ ಮುಂಚೆ ನಾನೇ ಕೈಯಾರೆ ಕೊಡೋ ಮನಸ್ಸು ಬರಲಿ ಅಂತ ಆಸೆ. ಇನ್ನೂ ಬಂದಿಲ್ಲ."